ಹಿಡಿಕೆಯೊಳಗಿನ ಹೆಸರು

ಕತ್ತಿಯೊಂದನ್ನು ಕಂಡೊಡನೆ ಅದನ್ನು ಹಿಡಿದ ವೀರನು ನಮ್ಮ ನೆನಪಿಗೆ ಬರುತ್ತಾನೆಯೇ ಹೊರತು ಅದನ್ನು ಮಾಡಿದ ಕಂಬಾರನು ಬರುವುದಿಲ್ಲ. ಇತಿಹಾಸದ ಪಾಠಗಳ ರೀತಿಯೂ ಹಾಗೆಯೇ ಇದೆ. ಯುದ್ಧ ನಡೆದ ವರ್ಷ, ಗೆದ್ದವನ ಹೆಸರು, ಸೋತವನ ಹೆಸರು, ಒಪ್ಪಂದದ ಕರಾರುಗಳು, ಇವೆಲ್ಲ ಮಕ್ಕಳಿಗೆ ಬಾಯಿಪಾಠವಾಗಿರುತ್ತವೆ. ಆ ಯುದ್ಧದಲ್ಲಿ ಝಳಪಿಸಿದ ಅಲಗುಗಳನ್ನು ಕಾಯಿಸಿ, ಬಡಿದು, ಹದಗೊಳಿಸಿದ ಕೈಗಳು ಯಾರವು ಎಂಬ ಪ್ರಶ್ನೆ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಬಂದುದನ್ನು ನಾವು ಕಂಡಿಲ್ಲ.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ತಕ್ಕುದಾದ ಸ್ಥಳವೊಂದು ನಮ್ಮ ಸೀಮೆಯವರಿಗೆ ಹತ್ತಿರದಲ್ಲಿಯೇ ಇದೆ. ಸೋಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕಾಗಿ ನಿತ್ಯವೂ ಭಕ್ತರು ಬರುತ್ತಾರೆ. ದರ್ಶನ ಮುಗಿಸಿದವರಲ್ಲಿ ಕೆಲವರು ಅಲ್ಲಿಯ ರಾಜವಾಡೆಯ ಶಸ್ತ್ರಾಗಾರದ ಕಡೆಗೂ ಹೆಜ್ಜೆ ಹಾಕುತ್ತಾರೆ. ಛತ್ರಪತಿ ಶಾಹು ಮಹಾರಾಜರು ಮಗನಂತೆ ಸಾಕಿದ ಫತ್ತೇಸಿಂಹ ಭೋಸಲೆಯವರಿಂದ 18ನೆಯ ಶತಮಾನದ ಆರಂಭದಲ್ಲಿ ಮೊದಲಾದ ಈ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನ ಹೋಯಿತು, ರಾಜಮನೆತನ ಕೂಡಿಸಿಟ್ಟ ಖಡ್ಗ, ಕಠಾರಿ, ಭಲ್ಲೆ, ಬಂದೂಕುಗಳು ಉಳಿದುವು.

ಇಂಥ ಸಂಗ್ರಹಗಳ ಮುಂದೆ ಶಾಲೆಯ ಮಕ್ಕಳನ್ನು ನಿಲ್ಲಿಸಿದಾಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಇದು ಯಾವ ರಾಜನದು? ಇದರ ತೂಕವೆಷ್ಟು? ಇದರಿಂದ ಎಷ್ಟು ಜನ ಸತ್ತರು? ಮಾಡಿದವರು ಯಾರೆಂದು ಕೇಳುವ ಮಗು ವಿರಳ. ಮಕ್ಕಳದು ತಪ್ಪಲ್ಲ, ಹಾಗೆ ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಕತ್ತಿಯನ್ನು ಮಾಡಿದವನ ಮೂಲಕವೇ ನೋಡುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿಕೊಂಡ ದೇಶವೊಂದಿದೆ. ಅದು ಜಪಾನು. ಅಲ್ಲಿಯ ಹಳೆಯ ಕಿರುಗತ್ತಿಯೊಂದನ್ನು ಬಲ್ಲವರು ಹೇಗೆ ನೋಡುತ್ತಾರೆಂಬುದನ್ನು ಅರಿತುಕೊಂಡರೆ ನಮ್ಮ ಅಲಗುಗಳನ್ನು ನೋಡುವ ಕಣ್ಣೂ ನಮಗೆ ದೊರೆತೀತು.

ಜಪಾನಿನ ಕಿರುಗತ್ತಿ

ಜಪಾನೀಯರ ಹಳೆಯ ಉದ್ದಳತೆಯ ಮಾನ ‘ಶಾಕು’. ಒಂದು ಶಾಕುವೆಂದರೆ ಸುಮಾರು 30 ಸೆಂಟಿಮೀಟರ್. ನಮ್ಮ ಒಂದು ಅಡಿಗೆ ಹತ್ತಿರ. ಎರಡು ಶಾಕುವಿಗಿಂತ ಉದ್ದವಾದುದು ದೊಡ್ಡ ಕತ್ತಿ. ಒಂದರಿಂದ ಎರಡು ಶಾಕುವಿನೊಳಗಿನದು ‘ವಾಕಿಜಾಶಿ’, ಎಂದರೆ ಕಿರುಗತ್ತಿ. ಒಂದು ಶಾಕುವಿಗಿಂತ ಚಿಕ್ಕದು ‘ತಾಂತೋ’, ನಮ್ಮ ಬಾಕಿನಂಥದು. ಸಮುರಾಯ್ ಎಂಬ ಯೋಧವರ್ಗದವರು ದೊಡ್ಡ ಕತ್ತಿ ಮತ್ತು ಕಿರುಗತ್ತಿಗಳ ಜೋಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಪರರ ಮನೆಯನ್ನು ಹೊಕ್ಕಾಗ ದೊಡ್ಡ ಕತ್ತಿಯನ್ನು ಹೊರಗಿಡುವುದು ಮರ್ಯಾದೆ. ಕಿರುಗತ್ತಿ ಮಾತ್ರ ಒಡೆಯನ ಬಳಿಯಲ್ಲಿಯೇ ಇರುತ್ತಿತ್ತು. ಯೋಧರಲ್ಲದ ವರ್ತಕರು ಕೂಡ ಕಿರುಗತ್ತಿಯನ್ನು ಧರಿಸಬಹುದಾಗಿತ್ತು. ಹೀಗೆ ಅದು ರಣರಂಗಕ್ಕಿಂತ ಮನೆಗೆ ಹತ್ತಿರವಾದ ಆಯುಧ.

ಅದನ್ನು ಮಾಡುವ ಕ್ರಮ ಹೀಗಿದೆ. ಕಬ್ಬಿಣದ ಅಂಶವುಳ್ಳ ಕಪ್ಪು ಮರಳನ್ನು ಇದ್ದಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಉರಿಸುತ್ತಾರೆ. ಈ ಕುಲುಮೆಗೆ ‘ತತಾರ’ ಎಂದು ಹೆಸರು. ಕೊನೆಗೆ ಕುಲುಮೆಯನ್ನೇ ಒಡೆದು ಒಳಗಿನ ಗಟ್ಟಿಯನ್ನು ಹೊರತೆಗೆಯುತ್ತಾರೆ. ಅದರಲ್ಲಿ ಆರಿಸಿದ ಒಳ್ಳೆಯ ಭಾಗವನ್ನು ಕತ್ತಿಯ ಕಂಬಾರನು ಕಾಯಿಸಿ, ಬಡಿದು, ನಡುವೆ ಕಡಿದು, ಮಡಚಿ, ಮತ್ತೆ ಬಡಿಯುತ್ತಾನೆ. ಒಮ್ಮೆ ಮಡಚಿದರೆ ಎರಡು ಪದರ, ಎರಡು ಸಲ ಮಡಚಿದರೆ ನಾಲ್ಕು. ಹೀಗೆ ಹತ್ತು ಸಲ ಮಡಚಿದರೆ 1,024 ಪದರಗಳಾಗುತ್ತವೆಂಬುದನ್ನು ನಮ್ಮ ಏಳನೆಯ ಇಯತ್ತೆಯ ಮಕ್ಕಳೂ ಲೆಕ್ಕ ಹಾಕಿ ಹೇಳಬಲ್ಲರು. ಈ ಮಡಿಕೆಯಿಂದ ಕಲ್ಮಶ ಹೊರಬೀಳುತ್ತದೆ. ಗಡಸುತನ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಅಲಗಿನ ಮೈಮೇಲೆ ಮರದ ಎಳೆಯಂಥ ಸೂಕ್ಷ್ಮ ಗೆರೆಗಳು ಮೂಡುತ್ತವೆ.

ಅನಂತರ ಗಡಸು ಉಕ್ಕನ್ನು ಹೊರಗೂ ಮೆದು ಕಬ್ಬಿಣವನ್ನು ಒಳಗೂ ಇರಿಸಿ ಅಲಗನ್ನು ನೀಡುತ್ತಾರೆ. ಕೊನೆಯದು ಹದ ಹಾಕುವ ಕೆಲಸ. ಅಲಗಿನ ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಮಣ್ಣಿನ ಲೇಪವನ್ನು ಬಳಿದು, ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಾರೆ. ತೆಳುವಾದ ಲೇಪವುಳ್ಳ ಬಾಯಿ ಥಟ್ಟನೆ ಆರಿ ಗಡಸಾಗುತ್ತದೆ. ದಪ್ಪ ಲೇಪದ ಬೆನ್ನು ಮೆಲ್ಲಗೆ ಆರಿ ಮೆದುವಾಗಿ ಉಳಿಯುತ್ತದೆ. ಇವೆರಡೂ ಕೂಡುವಲ್ಲಿ ಮಂಜಿನಂಥ ಬಿಳಿಯ ಅಂಚೊಂದು ಕಾಣಿಸಿಕೊಳ್ಳುತ್ತದೆ. ಅದಕ್ಕೆ ‘ಹಾಮೋನ್’ ಎನ್ನುವರು. ಅಂಚು ಒಬ್ಬನ ಕೈಯಲ್ಲಿ ನೇರವಾಗಿರುತ್ತದೆ. ಇನ್ನೊಬ್ಬನ ಕೈಯಲ್ಲಿ ಅಲೆಯಂತೆ, ಮತ್ತೊಬ್ಬನ ಕೈಯಲ್ಲಿ ಲವಂಗದ ಮೊಗ್ಗುಗಳ ಸಾಲಿನಂತೆ. ಅಕ್ಷರದಿಂದ ಬರೆದವನನ್ನು ಗುರುತಿಸುವ ಹಾಗೆ ಬಲ್ಲವರು ಈ ಅಂಚಿನಿಂದ ಮಾಡಿದವನನ್ನು ಗುರುತಿಸುತ್ತಾರೆ.

ಮೊದಲು ಕೆಲಸ, ಆಮೇಲೆ ಹೆಸರು

ಜಪಾನಿನ ಕತ್ತಿಯ ಹಿಡಿಕೆಯನ್ನು ಅಲಗಿಗೆ ಬಿಗಿದಿರುವುದು ಸಾಮಾನ್ಯವಾಗಿ ಬಿದಿರಿನ ಒಂದು ಚಿಕ್ಕ ಬೆಣೆ. ಅದನ್ನು ತಟ್ಟಿ ತೆಗೆದರೆ ಹಿಡಿಕೆ ಕಳಚಿ ಬರುತ್ತದೆ. ಒಳಗಿದ್ದ ಅಲಗಿನ ಬಾಲ ಕಾಣಿಸುತ್ತದೆ. ಕಂಬಾರನ ಹೆಸರಿರುವುದು ಅಲ್ಲಿ. ಒಂದು ಮಗ್ಗುಲಲ್ಲಿ ಉಳಿಯಿಂದ ಕೊರೆದ ಊರು ಮತ್ತು ಹೆಸರು. ಎಷ್ಟೋ ಸಲ ಇನ್ನೊಂದು ಮಗ್ಗುಲಲ್ಲಿ ವರ್ಷ ಮತ್ತು ತಿಂಗಳು. ಬಿಜೆನ್ ಸೀಮೆಯ ಒಸಾಫುನೆ ಎಂಬ ಊರು ಶತಮಾನಗಳ ಕಾಲ ಕತ್ತಿಯ ಕಂಬಾರರ ನೆಲೆಯಾಗಿತ್ತು. ‘ಒಸಾಫುನೆಯ ಸುಕೆಸಾದ’ ಎಂಬ ಹೆಸರನ್ನು ಹೊತ್ತ ಅಲಗುಗಳು ಇಂದಿಗೂ ಬಹಳವಾಗಿ ದೊರೆಯುತ್ತವೆ. ಏಕೆಂದರೆ ಆ ಒಂದೇ ಹೆಸರಿನ ಕಂಬಾರರು ಅನೇಕರಿದ್ದರು.

ಆ ಬಾಲದ ಮೇಲಿನ ತುಕ್ಕನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಅಲಗು ಕನ್ನಡಿಯಂತೆ ಹೊಳೆಯುತ್ತಿದ್ದರೂ ಬಾಲ ಮಾತ್ರ ಕಂದಿದ ಕಪ್ಪು ಬಣ್ಣದಲ್ಲಿಯೇ ಉಳಿಯಬೇಕು. ಆ ತುಕ್ಕಿನ ಬಣ್ಣದಿಂದ ವಯಸ್ಸು ತಿಳಿಯುತ್ತದೆ. ಉಜ್ಜಿದರೆ ಸಾಕ್ಷ್ಯ ಅಳಿದಂತೆ, ಬೆಲೆಯೂ ಇಳಿದಂತೆ.

ಹೆಸರಿದ್ದ ಮಾತ್ರಕ್ಕೆ ಅದನ್ನು ನಂಬಿಬಿಡುವ ಪದ್ಧತಿಯೂ ಅಲ್ಲಿಲ್ಲ. ಪ್ರಸಿದ್ಧರ ಹೆಸರನ್ನು ಕೊರೆದ ಖೋಟಾ ಅಲಗುಗಳು ಹಿಂದಿನಿಂದಲೂ ಉಂಟು. ಆದುದರಿಂದ ರಸಿಕರು ಕೂಡಿದಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಬಾಲವನ್ನು ಮುಚ್ಚಿ, ಅಲಗನ್ನು ಮಾತ್ರ ಕೈಗೆ ಕೊಡುತ್ತಾರೆ. ಬಾಗು, ಮೈಯ ಎಳೆ, ಹದದ ಅಂಚು ಇವನ್ನು ನೋಡಿ ಯಾವ ಕಾಲದ, ಯಾವ ಸೀಮೆಯ, ಯಾವ ಕಂಬಾರನ ಕೆಲಸವೆಂದು ಹೇಳಬೇಕು. ಹೆಸರನ್ನು ನೋಡುವುದು ಕಟ್ಟಕಡೆಗೆ.

ಇನ್ನೊಂದು ಸೋಜಿಗವಿದೆ. ಜಪಾನಿನ ಕತ್ತಿಯ ಕಂಬಾರರಲ್ಲಿ ಅಗ್ರಗಣ್ಯನೆಂದು ಹೆಸರಾದವನು ಮಾಸಾಮುನೆ. 14ನೆಯ ಶತಮಾನದ ಆರಂಭದಲ್ಲಿ ಸಾಗಾಮಿ ಸೀಮೆಯಲ್ಲಿದ್ದ ಈತನ ಅಲಗುಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ. ಸಹಿಯುಳ್ಳವು ಬೆರಳೆಣಿಕೆಯ ಕಿರಿಯ ಅಲಗುಗಳು. ಉಳಿದವನ್ನು ಪಾರಖಿಗಳು ಕೆಲಸ ನೋಡಿಯೇ ಅವನವೆಂದು ನಿರ್ಣಯಿಸಿದ್ದಾರೆ. ಇತ್ತೀಚಿನ ಉದಾಹರಣೆಯೂ ಒಂದಿದೆ. ಒಸಾಫುನೆ ಈಗ ಸೇತೊಉಚಿ ಎಂಬ ನಗರಸಭೆಗೆ ಸೇರಿದೆ. ಆ ಸೀಮೆಯಲ್ಲಿ ಹುಟ್ಟಿದ ‘ಸಾಂಚೋಮೋ’ ಎಂಬ ಪುರಾತನ ಖಡ್ಗವನ್ನು ತವರಿಗೆ ತರಬೇಕೆಂದು ನಗರಸಭೆಯವರು ಜನರಿಂದ ದೇಣಿಗೆ ಕೂಡಿಸಿ, 2020ರಲ್ಲಿ 50 ಕೋಟಿ ಯೆನ್ ತೆತ್ತು ಅದನ್ನು ಕೊಂಡರು. ಆ ಖಡ್ಗದ ಮೇಲೆ ಯಾರ ಹೆಸರೂ ಇಲ್ಲ. ಹೆಸರಿಲ್ಲದಿದ್ದರೂ ಅದು ತಮ್ಮ ಊರಿನ ಕಂಬಾರರದೆಂಬ ಅರಿವು ಆ ಜನರಿಗೆ ಸಾಕಾಗಿತ್ತು.

ಕನ್ನಡದ ಉಕ್ಕು

ಈಗ ನಮ್ಮ ಕಡೆಗೆ ತಿರುಗೋಣ. ದಖ್ಖಣದ ಹಳೆಯ ಅಲಗುಗಳಲ್ಲಿ ಕೆಲವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೈಮೇಲೆ ನೀರು ಹರಿದಂಥ ಮಸುಕು ಗೆರೆಗಳು ಕಾಣುತ್ತವೆ. ಫಾರಸಿ ಬಲ್ಲವರು ಇದನ್ನು ‘ಜೌಹರ್’ ಎಂದು ಕರೆದರು. ಜಪಾನಿನ ಅಲಗಿನ ಎಳೆ ಮಡಿಕೆಯಿಂದ ಹುಟ್ಟಿದುದು. ಈ ನೀರುಗೆರೆ ಹಾಗಲ್ಲ. ಇದು ಉಕ್ಕಿನ ಗಟ್ಟಿಯ ಒಳಗಿನಿಂದಲೇ ಮೂಡಿದುದು. ಅಂಥ ಉಕ್ಕಿನ ತವರು ದಕ್ಷಿಣ ಭಾರತ: ಇಂದಿನ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳ ಕಬ್ಬಿಣದ ಸೀಮೆ. ಈ ಉಕ್ಕಿನ ಗಟ್ಟಿಗಳು ಸಮುದ್ರ ದಾಟಿ ಪರ್ಶಿಯಾ ಅರಬಸ್ತಾನಗಳನ್ನು ಸೇರಿದುವು. ಯುರೋಪಿನವರು ‘ಡಮಾಸ್ಕಸ್ ಖಡ್ಗ’ವೆಂದು ಹಾಡಿಹೊಗಳಿದ ಎಷ್ಟೋ ಅಲಗುಗಳ ಮೂಲದ್ರವ್ಯ ಇದೇ.

1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಹಳ್ಳಿಗಳಲ್ಲಿ ಉಕ್ಕು ತಯಾರಾಗುವುದನ್ನು ವಿವರಿಸಿ ಬರೆದಿದ್ದಾನೆ. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. ಮೆದು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿರಿಸಿ, ಅದರೊಡನೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಅಂಥ ಹಲವು ಮೂಸೆಗಳನ್ನು ಕೂಡಿಸಿ ಇದ್ದಲಿನ ಬೆಂಕಿಯಲ್ಲಿಟ್ಟು ತಿದಿ ಒತ್ತುತ್ತಿದ್ದರು. ತಂಗಡಿಯೆಂದರೆ ನಮ್ಮ ಬೀಳುಭೂಮಿಯಲ್ಲಿ ಹಳದಿ ಹೂ ಬಿಡುವ ಗಿಡ, ಮರಾಠಿಯಲ್ಲಿ ತರವಡ. ಸೊಪ್ಪು ಕಡ್ಡಿಗಳು ಉರಿದು ಇಂಗಾಲವಾಗುತ್ತವೆ. ಆ ಇಂಗಾಲವನ್ನು ಹೀರಿದ ಕಬ್ಬಿಣ ಕರಗಿ ಉಕ್ಕಾಗುತ್ತದೆ. ಮೂಸೆ ಆರಿದ ಮೇಲೆ ಒಡೆದರೆ ಅಂಗೈಯಲ್ಲಿ ಹಿಡಿಯುವಷ್ಟು ಗಟ್ಟಿ ದೊರೆಯುತ್ತಿತ್ತು. ಅದರಲ್ಲಿ ಇಂಗಾಲದ ಪ್ರಮಾಣ ನೂರಕ್ಕೆ ಒಂದರಿಂದ ಎರಡರವರೆಗೆ. ಸಾಧಾರಣ ಉಕ್ಕಿಗಿಂತ ಬಹಳ ಹೆಚ್ಚು.

‘ಕಬ್ಬಿಣ ಕಾದಾಗಲೇ ಬಡಿ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಎಷ್ಟು ಕಾಯಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಕಂಬಾರನ ಕಣ್ಣು ಹೇಳಬೇಕು. ಯುರೋಪಿನ ಕಂಬಾರರು ತಮ್ಮ ರೂಢಿಯಂತೆ ಈ ಗಟ್ಟಿಯನ್ನು ಬೆಳ್ಳಗಾಗುವವರೆಗೆ ಕಾಯಿಸಿ ಬಡಿದಾಗ ಅದು ಪುಡಿಪುಡಿಯಾಯಿತು. ನಮ್ಮವರೂ ಪರ್ಶಿಯಾದವರೂ ಕೆಂಪು ಕಾವಿನಲ್ಲಿಯೇ ತಾಳ್ಮೆಯಿಂದ ಮತ್ತೆ ಮತ್ತೆ ಬಡಿದು ಅಲಗನ್ನು ಎಳೆಯುತ್ತಿದ್ದರು. ಹೀಗೆ ಬಡಿಯುವಾಗ ಇಂಗಾಲ ಮತ್ತು ಕಬ್ಬಿಣ ಕೂಡಿದ ಗಡಸು ಕಣಗಳು ಸಾಲುಗಟ್ಟುತ್ತವೆ. ಆ ಸಾಲುಗಳೇ ನೀರುಗೆರೆ. ಈ ಗುಟ್ಟು ಬಹುಕಾಲ ಮುಚ್ಚಿಯೇ ಇತ್ತು. ಅಮೇರಿಕದ ಲೋಹವಿಜ್ಞಾನಿ ವರ್ಹೂವನ್ ಅವರು ಪೆಂಡ್ರೆ ಎಂಬ ಕಂಬಾರನನ್ನು ಜೊತೆಗೂಡಿಸಿಕೊಂಡು ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅದಿರಿನಲ್ಲಿ ಸಹಜವಾಗಿ ಬೆರೆತ ವೆನೇಡಿಯಂ ಮುಂತಾದ ಧಾತುಗಳ ಅತ್ಯಲ್ಪ ಅಂಶವೇ ಕಣಗಳನ್ನು ಸಾಲುಗೂಡಿಸುತ್ತದೆಂದು 1998ರ ಪ್ರಬಂಧದಲ್ಲಿ ತೋರಿಸಿದರು. ವಿಜ್ಞಾನಿಗೆ ಕಂಬಾರನ ಕೈ ಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಈ ಉಕ್ಕು ಇಂಗ್ಲಂಡದ ವಿದ್ವಾಂಸರ ಕೈ ಸೇರಿದುದು ಮುಂಬಯಿಯ ಮೂಲಕ. ಅಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು 18ನೆಯ ಶತಮಾನದ ಕೊನೆಯಲ್ಲಿ ಅದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಆ ಸಂಸ್ಥೆಯ ಮುಂದೆ ಓದಿದ ಪ್ರಬಂಧದಲ್ಲಿ ಅದರ ಹೆಸರು ‘ವೂಟ್ಜ್’ ಎಂದು ಅಚ್ಚಾಯಿತು. ಮುಂದೆ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಎಂಬ ಶಸ್ತ್ರೋಪಕರಣ ತಯಾರಕನೊಡನೆ ಕೂಡಿ, 1819ರಿಂದ ಕೆಲವು ವರ್ಷ ಇದನ್ನು ಪರೀಕ್ಷಿಸಿದನು. ಇತರ ಲೋಹಗಳನ್ನು ಬೆರೆಸಿ ಹೊಸ ಬಗೆಯ ಉಕ್ಕುಗಳನ್ನು ಮಾಡುವ ಅವನ ಪ್ರಯತ್ನಗಳು ಈ ಪರೀಕ್ಷೆಯ ಜೊತೆಯಲ್ಲಿಯೇ ಬೆಳೆದುವು. ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಈ ಫ್ಯಾರಡೆ ಒಬ್ಬ ಕಂಬಾರನ ಮಗ.

‘ವೂಟ್ಜ್’ ಎಂಬುದು ಯಾವ ಭಾಷೆಯ ಮಾತು? 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅವರ ಅಭಿಪ್ರಾಯದಲ್ಲಿ ಇದು ಕನ್ನಡದ ‘ಉಕ್ಕು’. ಬರವಣಿಗೆಯ ಅಥವಾ ಓದಿನ ತಪ್ಪಿನಿಂದ ‘ವೂಟ್ಜ್’ ಆಗಿದೆ. ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿ ಈ ಪದ ಇಂದಿಗೂ ‘ವುಕ್ಕು’ ಎಂದೇ ಹೊರಡುವುದನ್ನು ಕೇಳಿದವರಿಗೆ ಆ ಮೊದಲಕ್ಷರ ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ತೆಲುಗರಿಗೂ ಈ ಪದ ನಮ್ಮಷ್ಟೇ ಸ್ವಂತವಾದುದರಿಂದ ನಾವೊಬ್ಬರೇ ಬೀಗುವುದು ಸಲ್ಲದು. ಆದರೆ ಜಗತ್ತಿನ ಲೋಹಶಾಸ್ತ್ರದ ಗ್ರಂಥಗಳಲ್ಲಿ ನಮ್ಮ ಕುಲುಮೆಯ ಮಾತೊಂದು ನೆಲೆ ನಿಂತಿದೆಯೆಂಬುದು ಸಣ್ಣ ಸಂಗತಿಯಲ್ಲ.

ಹೆಸರು ಏಕೆ ಉಳಿಯಲಿಲ್ಲ?

ಹಾಗಾದರೆ ಇಷ್ಟು ದೊಡ್ಡ ಕೆಲಸ ಮಾಡಿದವರ ಒಂದಾದರೂ ಹೆಸರು ನಮ್ಮ ನಾಲಗೆಯ ಮೇಲೆ ಏಕಿಲ್ಲ? ಕುಶಲಕರ್ಮಿಗಳು ಹೆಸರು ಕೊರೆಯುವ ಪದ್ಧತಿ ನಮ್ಮ ನಾಡಿನಲ್ಲಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಬರೆದಿದ್ದಾರೆ. ನಮಗೆ ಸಮೀಪದ ವಿಜಾಪುರದ ‘ಮುಲ್ಕ್-ಎ-ಮೈದಾನ’ ತೋಪನ್ನು ನೋಡಿದವರಿಗೆ, 1549ರಲ್ಲಿ ಅಹಮದನಗರದಲ್ಲಿ ಅದನ್ನು ಎರಕ ಹೊಯ್ದ ತುರ್ಕಿಯ ರೂಮಿಯ ಹೆಸರು ಅದರ ಮೇಲಿರುವುದು ಗೊತ್ತು. ಆ ತೋಪು ವಿಜಾಪುರಕ್ಕೆ ಬರುವ ಮೊದಲು ಬಾರ್ಶಿಗೆ ಸಮೀಪದ ಪರಾಂಡಾ ಕೋಟೆಯಲ್ಲಿತ್ತು. ಕಲ್ಲಿಗೂ ಕಂಚಿಗೂ ಸಂದ ಹೆಸರು ಉಕ್ಕಿನ ಗಟ್ಟಿಗೆ ಸಲ್ಲಲಿಲ್ಲ.

ಇದರ ಕಾರಣವನ್ನು ಕೆಲಸದ ರೀತಿಯಲ್ಲಿಯೇ ಹುಡುಕಬೇಕೆಂದು ನಮಗೆ ತೋರುತ್ತದೆ. ಜಪಾನಿನಲ್ಲಿಯೂ ಒಂದು ಕತ್ತಿಗೆ ಹಲವರ ಕೈ ಬೇಕು. ತತಾರದವನು ಬೇರೆ, ಸಾಣೆ ಹಿಡಿಯುವವನು ಬೇರೆ, ಒರೆ ಮಾಡುವವನು ಬೇರೆ. ಆದರೆ ಇವರೆಲ್ಲ ಒಂದೇ ನಾಡಿನವರು, ಒಬ್ಬರನ್ನೊಬ್ಬರು ಬಲ್ಲವರು. ಅಲಗನ್ನು ಬಡಿದವನಿಗೆ ಹೆಸರು ಕೊರೆಯುವ ಹಕ್ಕಿತ್ತು. ನಮ್ಮ ಉಕ್ಕಿನ ಕುಲುಮೆಯವನಾದರೋ ಗಟ್ಟಿಯನ್ನು ಮಾಡಿ ವ್ಯಾಪಾರಿಗೆ ಮಾರಿದನು. ವ್ಯಾಪಾರಿ ಅದನ್ನು ಬಂದರಿಗೆ ಸಾಗಿಸಿದನು. ಅಲ್ಲಿಂದ ಮುಂದೆ ಅದು ಯಾವುದೋ ದೂರದ ಪಟ್ಟಣದಲ್ಲಿ ಅಲಗಾಯಿತು. ಯಾವುದೋ ಅರಸನ ಸೊಂಟಕ್ಕೇರಿತು. ಪರ್ಶಿಯಾದ ಅಲಗುಗಳ ಮೇಲೆ ಅಲ್ಲಿಯ ಉಸ್ತಾದರ ಹೆಸರುಗಳು ಚಿನ್ನದಲ್ಲಿ ಹೊಳೆದುವು. ಉಕ್ಕು ಕರಗಿಸಿದವನಿಗೆ ಹೆಸರು ಕೊರೆಯಲು ಅಲಗೇ ಸಿಗಲಿಲ್ಲ.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಬಗೆ ನಡೆಯಿತು. ಮರಾಠಾ ಸರದಾರರು ಬಯಸಿದ ಖಡ್ಗಗಳಲ್ಲಿ ‘ಫಿರಂಗಿ’ ಎಂಬುದೊಂದು. ಯುರೋಪಿನಿಂದ ಬಂದ ಉದ್ದನೆಯ ನೇರ ಅಲಗಿಗೆ ಇಲ್ಲಿಯ ಕಂಬಾರರು ಹಿಡಿಕೆ ಕೂಡಿಸಿದುದು ಅದು. ಅಂಥ ಅಲಗುಗಳ ಮೇಲೆ ಪರದೇಶದ ತಯಾರಕರ ಮುದ್ರೆಗಳಿರುವುದುಂಟು; ಅವನ್ನು ನಮ್ಮವರ ಕೈಗೆ ಒಗ್ಗುವಂತೆ ಮಾಡಿದವನ ಗುರುತು ಅಪರೂಪ.

ಇಷ್ಟಾದರೂ ಒಂದು ಗುರುತು ಉಳಿದಿದೆ. ಗಟ್ಟಿಯ ಜೊತೆಗೆ ಅದರ ಹೆಸರೂ ಪ್ರಯಾಣ ಮಾಡಿತು. ಕುಲುಮೆಯವನು ‘ಉಕ್ಕು’ ಎಂದನು, ವ್ಯಾಪಾರಿ ‘ಉಕ್ಕು’ ಎಂದನು. ಮುಂಬಯಿಯ ವೈದ್ಯ ಹಾಗೆಂದೇ ಕೇಳಿ ತನಗೆ ತೋಚಿದಂತೆ ಬರೆದನು. ಒಬ್ಬೊಬ್ಬನ ಹೆಸರು ಅಳಿದರೂ ಎಲ್ಲರ ಭಾಷೆ ಅಳಿಯಲಿಲ್ಲ. ‘ಸೋಲಾಪುರಿ ಚಾದರ’ ಎಂದಾಗ ಮಗ್ಗದ ಮುಂದೆ ಕುಳಿತವನ ಹೆಸರು ಯಾರಿಗೂ ತಿಳಿಯದಿದ್ದರೂ ಊರಿನ ಹೆಸರು ತಿಳಿಯುತ್ತದೆ. ಇಂದು ಅದಕ್ಕೆ ಭೌಗೋಳಿಕ ಸೂಚಕದ ಕಾನೂನು ರಕ್ಷಣೆಯೂ ದೊರೆತಿದೆ. ಅದರಂತೆಯೇ ‘ಉಕ್ಕು’ ಎಂಬ ಎರಡಕ್ಷರ ಆ ಹೆಸರಿಲ್ಲದ ಕಂಬಾರರೆಲ್ಲರ ಒಟ್ಟು ಸಹಿಯೆಂದು ನಾವು ತಿಳಿಯುತ್ತೇವೆ.

ಎರಡು ಕಾಯಿದೆಗಳು

ಎರಡೂ ದೇಶಗಳ ಕಂಬಾರರಿಗೆ ಕಷ್ಟಕಾಲ ಹೆಚ್ಚುಕಡಿಮೆ ಒಟ್ಟಿಗೇ ಬಂದಿತು. 1876ರಲ್ಲಿ ಜಪಾನಿನ ಸರಕಾರ ಜನರು ಕತ್ತಿ ಧರಿಸಿ ತಿರುಗುವುದನ್ನು ನಿಷೇಧಿಸಿತು. 1878ರಲ್ಲಿ ಬ್ರಿಟಿಷ್ ಸರಕಾರ ಭಾರತದಲ್ಲಿ ಆಯುಧಗಳ ಕಾಯಿದೆಯನ್ನು ಜಾರಿಗೆ ತಂದಿತು. ಇಲ್ಲಿಯ ಉಕ್ಕಿಗೆ ಇನ್ನೂ ಎರಡು ಪೆಟ್ಟುಗಳು ಬಿದ್ದಿದ್ದುವು. ಇಂಗ್ಲಂಡದಲ್ಲಿ ಬೆಸೆಮರನ ಪದ್ಧತಿ 1856ರಲ್ಲಿ ಪ್ರಕಟವಾದ ಮೇಲೆ ಅಗ್ಗದ ಉಕ್ಕು ಹಡಗುಗಟ್ಟಲೆ ಬರತೊಡಗಿತು. ಇದ್ದಲಿಗೆ ಬೇಕಾದ ಕಾಡು ಕರಗುತ್ತ ಬಂದಿತು. ಶತಮಾನ ಮುಗಿಯುವ ಹೊತ್ತಿಗೆ ಮೂಸೆಯ ಕುಲುಮೆಗಳು ಬಹುಮಟ್ಟಿಗೆ ಆರಿದ್ದುವು.

ಜಪಾನಿನಲ್ಲಿ ಹಾಗಾಗಲಿಲ್ಲ. ಎಷ್ಟೋ ಕಂಬಾರರು ಅಡಿಗೆಮನೆಯ ಚಾಕುಗಳ ಕಡೆಗೆ ತಿರುಗಿದರು. 1906ರಲ್ಲಿ ಗಸ್ಸಾನ್ ಸಾದಾಕಾಜು, ಮಿಯಾಮೋತೋ ಕಾನೆನೋರಿ ಎಂಬಿಬ್ಬರು ಕತ್ತಿಯ ಕಂಬಾರರನ್ನು ಸಮ್ರಾಟನ ಮನೆತನದ ಕಲಾವಿದರೆಂದು ಗೌರವಿಸಿ ಕಸುಬನ್ನು ಕಾಪಾಡಲಾಯಿತು. 1945ರ ಸೋಲಿನ ತರುವಾಯ ಕತ್ತಿ ಮಾಡುವುದೇ ನಿಂತುಹೋದಾಗ ಅಭಿಮಾನಿಗಳು 1948ರಲ್ಲಿ ಸಂಘ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಪರವಾನಿಗೆ ಪಡೆದ ಕಂಬಾರರಿಗೆ ಮತ್ತೆ ಅನುಮತಿ ದೊರೆಯಿತು. ಆರಿಹೋಗಿದ್ದ ತತಾರವನ್ನು 1977ರಲ್ಲಿ ಆ ಸಂಘವೇ ಮರಳಿ ಹೊತ್ತಿಸಿತು. ಇಂದು ಅಲ್ಲಿ ಪರವಾನಿಗೆ ಬೇಕೆಂದರೆ ಗುರುವಿನ ಬಳಿ ಐದು ವರ್ಷ ಕಲಿಯಬೇಕು. ಕೆಲಸ ಕೆಡಬಾರದೆಂದು ತಿಂಗಳಿಗೆ ಇಷ್ಟೇ ಅಲಗುಗಳನ್ನು ಮಾಡಬೇಕೆಂಬ
ಮಿತಿಯೂ ಉಂಟು. ಕತ್ತಿಯ ಉಪಯೋಗ ಹೋದ ಮೇಲೆಯೂ ಅದನ್ನು ಮಾಡುವ ವಿದ್ಯೆಗೆ ಬೆಲೆಯುಂಟೆಂದು ಆ ಜನ ತೀರ್ಮಾನಿಸಿದರು.

ನಮ್ಮ ಊರಿನ ಕಂಬಾರಸಾಲೆ

ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರದ ಹಳ್ಳಿಗಳಲ್ಲಿ ಉಕ್ಕು ಕರಗಿಸುವವರು ಇಂದು ಇಲ್ಲ. ಆದರೆ ಕಂಬಾರಸಾಲೆಗಳು ಕೆಲವಾದರೂ ಉಳಿದಿವೆ. ಹಿಂದೆ ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ಕುಂಟೆ, ಕುರುಪಿ, ಕುಡುಗೋಲು, ನೇಗಿಲ ಕುಳ, ಬಂಡಿಯ ಹಳಿ ಇವನ್ನು ನೋಡಿಕೊಳ್ಳುತ್ತಿದ್ದ ಮನೆತನಗಳವು. ಟ್ರಾಕ್ಟರ್ ಬಂದ ಮೇಲೆ ಬಂಡಿಯ ಹಳಿಗೆ ಕೆಲಸವಿಲ್ಲ. ಅಂಗಡಿಯಲ್ಲಿ ಕುಡುಗೋಲು ಅಗ್ಗಕ್ಕೆ ಸಿಗುತ್ತದೆ. ಶಾಲೆಯ ಪ್ರವೇಶ ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನು ಬರೆಯುವ ಒಂದು ಜಾಗವಿರುತ್ತದೆ. ಅಲ್ಲಿ ‘ಕಂಬಾರಿಕೆ’ ಎಂಬ ಮಾತು ವರ್ಷ ವರ್ಷಕ್ಕೆ ಕಡಿಮೆಯಾಗಿ, ‘ಕೂಲಿ’, ‘ಚಾಲಕ’, ‘ಸೋಲಾಪುರದಲ್ಲಿ ನೌಕರಿ’ ಎಂಬ ಮಾತುಗಳು ಹೆಚ್ಚುತ್ತಿರುವುದನ್ನು ನಾವು ಕಂಡಿದ್ದೇವೆ. ಹೊಟ್ಟೆಪಾಡಿಗಾಗಿ ಬೇರೆ ಉದ್ಯೋಗ ಹಿಡಿದವರನ್ನು ಆಕ್ಷೇಪಿಸುವಂತಿಲ್ಲ. ಮಗನು ಓದಿ ಮುಂದೆ ಬರಲೆಂದೇ ತಂದೆ ತಿದಿ ಒತ್ತಿದ್ದಾನೆ. ಆದರೆ ಅವನ ಕೈಯಲ್ಲಿದ್ದ ವಿದ್ಯೆ ಒಂದು ಹೆಸರೂ ಉಳಿಯದಂತೆ ಹೋಗುವುದು ನ್ಯಾಯವಲ್ಲ.

ವಾಚಕ ಬಂಧುಗಳು ಮಾಡಬಹುದಾದ ಕೆಲವು ಚಿಕ್ಕ ಕೆಲಸಗಳಿವೆ. ಮನೆಯಲ್ಲಿ ಪೂರ್ವಜರ ಅಲಗೇನಾದರೂ ಇದ್ದರೆ ಖಂಡೇ ನವಮಿಯಂದು ಅದನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿ, ಬೂದಿಗಳಿಂದ ತಿಕ್ಕಬಾರದು, ಸಾಣೆಗೂ ಕೊಡಬಾರದು. ತಿಕ್ಕಿದಷ್ಟೂ ನೀರುಗೆರೆ ಮಾಸುತ್ತದೆ. ಹಿಡಿಕೆಯ ಬಳಿಯ ಅಕ್ಷರವೋ ಮುದ್ರೆಯೋ ಅಳಿಯುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಕುಂಕುಮವನ್ನು ಅಲಗಿಗೆ ಹಚ್ಚದೆ ಪಕ್ಕದಲ್ಲಿರಿಸಿ ಪೂಜಿಸಿದರೆ ಭಕ್ತಿಗೆ ಕೊರತೆಯಾಗುವುದಿಲ್ಲ. ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಬಲ್ಲವರಿಗೆ ತೋರಿಸಬೇಕು. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ.

ಎರಡನೆಯದು ಇನ್ನೂ ಸುಲಭ. ನಿಮ್ಮ ಊರಿನ ಕಂಬಾರಸಾಲೆಗೆ ಮಕ್ಕಳನ್ನು ಕರೆದೊಯ್ಯಿರಿ. ಹಿರಿಯ ಕಂಬಾರರ ಹೆಸರನ್ನೂ, ಅವರ ತಂದೆಯ, ತಾತನ ಹೆಸರುಗಳನ್ನೂ ಕೇಳಿ ಬರೆಯಿಸಿರಿ. ತಿದಿ, ಅಡಿಗಲ್ಲು, ಚಮ್ಮಟಿಗೆ, ಇಕ್ಕಳ, ಮೂಸೆ ಎಂಬ ಮಾತುಗಳನ್ನು ಅವರ ಬಾಯಿಂದಲೇ ಕೇಳಿಸಿರಿ. ಗಡಿಯ ಊರುಗಳಲ್ಲಿ ಕನ್ನಡ ಮಾತು, ಮರಾಠಿ ಮಾತು ಎರಡೂ ಬರುತ್ತವೆ, ಎರಡನ್ನೂ ಬರೆದುಕೊಳ್ಳಲಿ. ಕಾವಿನ ಬಣ್ಣ ನೋಡಿ ಹದ ತಿಳಿಯುವುದು ಹೇಗೆಂದು ಕೇಳಲಿ. ಇದಕ್ಕೆ ಒಂದು ನೋಟುಪುಸ್ತಕ, ಒಂದು ಮಧ್ಯಾಹ್ನ ಸಾಕು. ಉಕ್ಕಿನ ಕುಲುಮೆಯವರ ಹೆಸರುಗಳು ಕೈತಪ್ಪಿಹೋದುದಕ್ಕೆ ಕೇಳುವವರಿಲ್ಲದಿದ್ದುದೂ ಒಂದು ಕಾರಣವಿರಬೇಕು. ನಮ್ಮ ಕಣ್ಣೆದುರಿಗಿರುವವರ ಹೆಸರುಗಳ ವಿಷಯದಲ್ಲಿ ಆ ನೆಪವನ್ನು ಹೇಳಲು ನಮಗೆ ಬರುವುದಿಲ್ಲ.

ಹಾಗೆ ಬರೆದುಕೊಂಡ ಮಗು ಮುಂದೊಂದು ದಿನ ಅಕ್ಕಲಕೋಟೆಯ ಶಸ್ತ್ರಾಗಾರದ ಮುಂದೆ ನಿಂತರೆ ಯಾವ ರಾಜನದೆಂದು ಕೇಳುವುದಕ್ಕೆ ಮೊದಲು ಅಲಗನ್ನು ಸರಿಯಾಗಿ ನೋಡೀತು. ಹದ ಹೇಗಿದೆ, ಗೆರೆ ಎಲ್ಲಿಂದ ಬಂತು, ಹಿಡಿಕೆ ಕೂಡಿಸಿದ ಕೈ ಎಂಥದು ಎಂದು ಯೋಚಿಸೀತು. ಮಾಡಿದವನ ಹೆಸರು ಸಿಕ್ಕೀತೋ ಇಲ್ಲವೋ, ಮಾಡಿದವನೊಬ್ಬನಿದ್ದನೆಂಬುದನ್ನು ಆ ಮಗು ಮರೆಯಲಾರದು.